ವಿಷದ ಕಸ ಹುಟ್ಟೋ ಮುಂಚೆನೇ ತಡೀಬೇಕು

ಸಂಪಾದಕರೇ,

ಅಪಾಯಕಾರಿ ತ್ಯಾಜ್ಯ ಅಂದ್ರೆ ಫ್ಯಾಕ್ಟರಿ ಹಿಂದಿನ ಡ್ರಮ್ಮು ಅಂತ ತುಂಬಾ ಜನ ಅನ್ಕೊಂಡಿದಾರೆ, ಆದ್ರೆ ಒಡೆದ ಟ್ಯೂಬ್‌ಲೈಟಿನ ಪಾದರಸ, ಹಳೇ ಬ್ಯಾಟರಿ ಸೀಸ, ಕೀಟನಾಶಕದ ಡಬ್ಬಿ ತಳದಲ್ಲಿ ಅಂಟ್ಕೊಂಡಿರೋ ನಾಲ್ಕು ಹನಿ, ಎಲ್ಲಾ ಅದೇ ಲೆಕ್ಕ. 1989ರ ಬಾಸೆಲ್ ಅಂತರರಾಷ್ಟ್ರೀಯ ಒಪ್ಪಂದ 1992ರಲ್ಲಿ ಜಾರಿಗೆ ಬಂತು, ಇಂಥ ಕಸನ ಗಡಿ ದಾಟಿಸೋಕೆ ಮುಂಚೆ ತಗೊಳ್ಳೋ ದೇಶದ ಲಿಖಿತ ಒಪ್ಪಿಗೆ ಬೇಕು ಅಂತು, ಜೊತೆಗೆ ಹುಟ್ಟೋ ಪ್ರಮಾಣನೇ ಕಮ್ಮಿ ಮಾಡಿ ಅಂತಾನೂ ಹೇಳ್ತು, ನನ್ ಪ್ರಕಾರ ಈ ಎರಡನೇ ಮಾತೇ ಮುಖ್ಯ. ಯಾವ ದೇಶನೇ ಆಗ್ಲಿ, ಯಾರ ಹತ್ರ ಯಾವ ವಿಷ ಎಷ್ಟಿದೆ ಅನ್ನೋ ಪಟ್ಟಿ ಮೊದ್ಲು ಕೈಲಿರ್ಬೇಕು, ಅದಿಲ್ದೆ ಬರೀ ಹೂಳೋದು ಸುಡೋದು ಅಂತ ಹೊರಟ್ರೆ ಪ್ಲಾನ್ ಎಲ್ಲಿಂದ ಬರುತ್ತೆ, ಅಂತರ್ಜಲ ಕೆಟ್ಟ ಮೇಲೆ ಸರಿ ಮಾಡೋದು ತುಂಬಾ ಕಷ್ಟ. ಹುಟ್ಟೋ ಮುಂಚೆ ತಡೆಯೋದು ಅಂದ್ರೆ ಹೀಗೆ: ಆಸ್ಪತ್ರೆಗಳು ಪಾದರಸದ ಥರ್ಮಾಮೀಟರ್ ಬದಲು ಡಿಜಿಟಲ್ ತಗೊಂಡ್ರೆ, ಅದು ಒಡೆದು ಪಾದರಸ ನೆಲಕ್ಕೆ ಚೆಲ್ಲೋ ಪ್ರಶ್ನೆನೇ ಬರಲ್ಲ ನೋಡಿ.

ಇಂತಿ, ಒಬ್ಬ ಓದುಗ