ಆ ಕಂಬಳಿಹುಳುವಿಗೆ 14 ವರ್ಷ ಅಲ್ಲ, 7

ಮಾನ್ಯ ಸಂಪಾದಕರೇ,

ಉತ್ತರ ಧ್ರುವದ ಕಡೆಯ ಸುದ್ದಿ ಅಂದರೆ ಹಿಮಕರಡಿಯ ಫೋಟೊ ಇದ್ದೇ ಇರುತ್ತದೆ. ಅದು ಬೇಡ ಅಂತ ಅಲ್ಲ. ಆದರೆ ಅದೇ ನೆಲದಲ್ಲಿ ಗೈನಿಫೊರಾ ಗ್ರೋನ್‌ಲ್ಯಾಂಡಿಕಾ ಅನ್ನುವ ಒಂದು ಪತಂಗವೂ ಬದುಕುತ್ತಿದೆ. ಅದರ ಬಗ್ಗೆ ಬರೆಯುವವರೇ ಕಮ್ಮಿ, ಬರೆದರೂ ಹಳೇ ಲೆಕ್ಕವನ್ನೇ ಮತ್ತೆ ಮತ್ತೆ ಬರೆಯುತ್ತಾರೆ.

ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರದ ದ್ವೀಪಗಳು, ಅದೇ ದೇಶದ ಯೂಕಾನ್‌ನ ಎತ್ತರದ ಬೆಟ್ಟಗಳಲ್ಲಿ ಇದು ಸಿಗುತ್ತದೆ. ಮರಿ ಮೈತುಂಬ ಕೂದಲಿರುವ ಕಂಬಳಿಹುಳು. ಇದು 14 ವರ್ಷ ಹುಳುವಾಗಿಯೇ ಇರುತ್ತದೆ ಅಂತ ಎಲ್ಲ ಕಡೆ ಓದುತ್ತೇವೆ. 1980ರ ದಶಕದಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕೆಲಸ ಮಾಡಿದ ವಿಜ್ಞಾನಿಗಳಾದ ಓಲ್ಗಾ ಕುಕಲ್ ಮತ್ತು ಪೀಟರ್ ಕೆವನ್ ಹಾಕಿದ ಅಂದಾಜು ಅದು. ಆಮೇಲೆ 1998ರಲ್ಲಿ ಮೋರ್‌ವುಡ್ ಮತ್ತು ರಿಂಗ್ ಅನ್ನುವ ಸಂಶೋಧಕರು ಇನ್ನೊಮ್ಮೆ ಪರಿಶೀಲಿಸಿ, ಹುಳು ವರ್ಷಕ್ಕೊಮ್ಮೆ ಪೊರೆ ಕಳಚುತ್ತದೆ, ಒಟ್ಟು ಸುಮಾರು 7 ವರ್ಷ ಸಾಕು ಅಂತ ತೋರಿಸಿದರು. 7 ವರ್ಷ ಅಂದರೂ ಒಂದು ಹುಳುವಿಗೆ ಕಡಿಮೆಯೇನಲ್ಲ, ಅಲ್ವಾ? ಸುಮ್ನೆ ಅದನ್ನು ಎರಡು ಪಟ್ಟು ಮಾಡಿ ಹೇಳುವ ಅಗತ್ಯವೇ ಇಲ್ಲ.

ಚಳಿಯ ಕಥೆಯನ್ನಂತೂ ಎಲ್ಲರೂ ಹೇಳುತ್ತಾರೆ. ಹುಳು ಮೈಯಲ್ಲಿ ಗ್ಲಿಸರಾಲ್ (ಹೆಪ್ಪುಗಟ್ಟಿದಾಗ ಮೈಗೆ ಹಾನಿಯಾಗದಂತೆ ಕಾಯುವ ರಾಸಾಯನಿಕ) ತುಂಬಿಕೊಂಡು ಹೆಪ್ಪುಗಟ್ಟುತ್ತದೆ, ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿಯನ್ನೂ ತಡೆದುಕೊಳ್ಳುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಅಚ್ಚರಿ ಅದರ ಬೇಸಿಗೆಯದು. ಹಿಮ ಕರಗಿದ ಕೂಡಲೇ ಎದ್ದು ಜೂನ್ ತಿಂಗಳಲ್ಲಿ ನೆಲಕ್ಕಂಟಿ ಬೆಳೆಯುವ ಆರ್ಕ್ಟಿಕ್ ವಿಲೋ ಗಿಡದ ಎಳೆ ಎಲೆ ತಿನ್ನುತ್ತದೆ. ಆದರೆ ದಿನದ ಬಹುಪಾಲು ಸಮಯ ತಿನ್ನುವುದಕ್ಕಲ್ಲ, ಬಿಸಿಲು ಕಾಯಿಸಿಕೊಳ್ಳುವುದಕ್ಕೇ ಹೋಗುತ್ತದೆ, ಯಾಕೆಂದರೆ ಮೈ ಬಿಸಿಯಾಗದಿದ್ದರೆ ತಿಂದ ಎಲೆ ಅರಗಿ ಬೆಳವಣಿಗೆಗೆ ಒದಗುವುದಿಲ್ಲ. ಇಷ್ಟೆಲ್ಲ ಬಿಸಿಲು ಬೇಕಾದ ಹುಳು, ಜೂನ್ ಕೊನೆಗೆ, ಇನ್ನೂ ಬೆಚ್ಚಗಿರುವಾಗಲೇ ತಿನ್ನುವುದನ್ನು ಬಿಟ್ಟು ರೇಷ್ಮೆಯ ಗೂಡು ಕಟ್ಟಿಕೊಂಡು ಒಳಗೆ ಸೇರಿಬಿಡುತ್ತದೆ! ಆ ಹೊತ್ತಿಗೆ ಎಲೆಯ ಸತ್ವ ಇಳಿದಿರುತ್ತದೆ. ಜೊತೆಗೆ ಹುಳುವಿನ ಮೈಯನ್ನೇ ತಿಂದು ಬೆಳೆಯುವ ಪರಾವಲಂಬಿ ಕಣಜ ಮತ್ತು ನೊಣಗಳ ಕಾಟ. ಈ ಹುಳುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಲ್ಲುವುದು ಚಳಿ ಅಲ್ಲ, ಇವೇ.

ಕೊನೆಯ ಬೇಸಿಗೆಯಲ್ಲಿ ಕೋಶ ಕಟ್ಟಿ ಪತಂಗವಾಗುತ್ತದೆ. ಪತಂಗ ಏನನ್ನೂ ತಿನ್ನುವುದಿಲ್ಲ. ಕೂಡುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ, ಅಷ್ಟೇ.

ಇದನ್ನೆಲ್ಲ ಬರೆಯುತ್ತಿರುವುದು ಯಾಕೆಂದರೆ, 'ಚಳಿಗೆ ಸಾಯದ ಹುಳು' ಅಂತ ಮಾತ್ರ ಬರೆದರೆ ಓದುಗರು ಇದಕ್ಕೆ ಯಾವ ಭಯವೂ ಇಲ್ಲ ಅಂದುಕೊಳ್ಳುತ್ತಾರೆ. ಭಯ ಇರುವುದು ಬಿಸಿಯ ಕಡೆಯಿಂದ. ಹೊಟ್ಟೆ ಖಾಲಿ ಇರುವಾಗ ಮೈ ಬೆಚ್ಚಗಾದರೆ ಕೂಡಿಟ್ಟ ಕೊಬ್ಬು ಸುಮ್ಮನೆ ಕರಗುತ್ತದೆ. ಉತ್ತರದ ನೆಲ ಉಳಿದ ಕಡೆಗಿಂತ ಬೇಗ ಬಿಸಿಯಾಗುತ್ತಿದೆ. ಎಲೆ ಚಿಗುರುವ ಹೊತ್ತು, ಹುಳು ಏಳುವ ಹೊತ್ತು, ಕಣಜ ಹಾರುವ ಹೊತ್ತು ಒಂದಕ್ಕೊಂದು ತಪ್ಪಿಹೋದರೆ ಗ್ಲಿಸರಾಲ್‌ನಿಂದ ಏನೂ ಪ್ರಯೋಜನವಿಲ್ಲ.

ದಯವಿಟ್ಟು ನಿಮ್ಮ ವಿಜ್ಞಾನ ಪುಟದಲ್ಲಿ ಇದಕ್ಕೊಂದು ಜಾಗ ಕೊಡಿ. ಚಳಿಯ ಜೊತೆ ಆ ಜೂನ್ ತಿಂಗಳನ್ನೂ ಬರೆಸಿ.

ಇತಿ,
ನಿಮ್ಮ ಓದುಗ