ಸೂತಕದ ಮನೆಯ ಅಭ್ಯರ್ಥಿಗೆ ಹೆಗಲು ಕೊಡುವ ಬಗೆ

ಮಾನ್ಯ ಸಂಪಾದಕರೇ,

2023ರ ವಿಧಾನಸಭಾ ಚುನಾವಣೆ ಹೊತ್ತಿನಲ್ಲಿ ನಂಜನಗೂಡಿನ ಕಾಂಗ್ರೆಸ್ ಅಭ್ಯರ್ಥಿ ದರ್ಶನ್ ಧ್ರುವನಾರಾಯಣ ಅವರು ಮಾರ್ಚ್ 11ರಂದು ತಂದೆಯನ್ನೂ ಏಪ್ರಿಲ್ 7ರಂದು ತಾಯಿಯನ್ನೂ ಕಳೆದುಕೊಂಡರು. ಏಪ್ರಿಲ್ 13ಕ್ಕೆ ನಾಮಪತ್ರ ಸಲ್ಲಿಕೆ ಶುರುವಾಯಿತು. ಮನೆಯಲ್ಲಿ ಏನೇ ಆಗಲಿ, ವೇಳಾಪಟ್ಟಿ ಒಂದು ದಿನವೂ ಜರುಗುವುದಿಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯೇ ತೀರಿಕೊಂಡರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. 2018ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಹೋದದ್ದು ಹಾಗೆ. ಪಕ್ಷೇತರ ಅಭ್ಯರ್ಥಿ ಸತ್ತರೂ ಚುನಾವಣೆ ನಿಲ್ಲದು.

ನಮ್ಮ ಮಂಡ್ಯ, ಮೈಸೂರು ಕಡೆ ಇಂಥ ಸುದ್ದಿ ಬಂದರೆ ಕಾರ್ಯಕರ್ತರೆಲ್ಲ ಆ ಮನೆ ಜಗಲಿಯಲ್ಲೇ ಕೂತುಬಿಡುತ್ತಾರೆ. ಅದು ಪ್ರೀತಿಯೇ. ಆದರೆ ಅಭ್ಯರ್ಥಿಯ ಕೈಯಿಂದ ನಾವು ಇಳಿಸಿಕೊಳ್ಳಬೇಕಾದ ಹೊರೆ ಕಚೇರಿಯಲ್ಲಿರುತ್ತದೆ.

ಎಲ್ಲಕ್ಕೂ ಮೊದಲು ಚುನಾವಣಾ ಏಜೆಂಟ್, ಅಂದರೆ ಅಭ್ಯರ್ಥಿಯ ಪರವಾಗಿ ಸಹಿ, ಲೆಕ್ಕ ನೋಡಿಕೊಳ್ಳುವವರು. ನಮೂನೆ 8ರಲ್ಲಿ ತಮ್ಮನನ್ನೋ ಮಗನನ್ನೋ ನೇಮಿಸುವುದು ನಮ್ಮಲ್ಲಿ ರೂಢಿ. ಮನೆಗೆ ಸಾವು ಬಂದರೆ ಅವನಿಗೂ ಅದೇ ಸೂತಕ, ಅದೇ ಹಾಲುತುಪ್ಪ, ಅದೇ ತಿಥಿ. ಇಬ್ಬರ ಸಹಿಯೂ ಒಟ್ಟಿಗೆ ನಿಂತುಹೋಗುತ್ತದೆ. ಆದ್ದರಿಂದ ಏಜೆಂಟ್ ಮನೆಯವರಲ್ಲದ, ಲೆಕ್ಕ ಬಲ್ಲ ನಂಬಿಕಸ್ಥರೇ ಆಗಿರಲಿ. ಚುನಾವಣೆಗೆಂದು ತೆರೆಯುವ ಬ್ಯಾಂಕ್ ಖಾತೆಯೂ ಅವರೊಡನೆ ಜಂಟಿಯಾಗಿರಲಿ. ಒಬ್ಬರಿಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ. ಚೆಕ್ಕಿಗೆ ಸಹಿ ಹಾಕುವವರು ಐಸಿಯು ಬಾಗಿಲಲ್ಲಿದ್ದರೆ ಶಾಮಿಯಾನದವರು, ಮೈಕ್‌ನವರು, ಗಾಡಿಯವರು ಅಲ್ಲಿಗೇ ಬರುತ್ತಾರೆ.

ಒಂದು ಕ್ಷೇತ್ರದಲ್ಲಿ 200ಕ್ಕೂ ಹೆಚ್ಚು ಮತಗಟ್ಟೆಗಳು. ಮತಗಟ್ಟೆಯಲ್ಲಿ ನಮ್ಮ ಪರ ಕೂರುವ ಪ್ರತಿ ಬೂತ್ ಏಜೆಂಟ್‌ಗೂ ಸಹಿ ಹಾಕಿದ ನೇಮಕಪತ್ರ, ಅಂದರೆ ನಮೂನೆ 10 ಬೇಕು. ಅಭ್ಯರ್ಥಿ ಮತ್ತು ಚುನಾವಣಾ ಏಜೆಂಟರ ಮಾದರಿ ಸಹಿ ಮತಗಟ್ಟೆ ಅಧಿಕಾರಿಯ ಬಳಿ ಇರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ನಡುಗುವ ಕೈಯಲ್ಲಿ ಗೀಚಿದ ಸಹಿ ಅದಕ್ಕೆ ಹೊಂದದಿದ್ದರೆ, ಮತಯಂತ್ರ ಸರಿಯಿದೆಯೇ ಎಂದು ನೋಡುವ ಬೆಳಗಿನ ಐದೂವರೆಯ ಅಣಕು ಮತದಾನಕ್ಕೇ ನಮ್ಮ ಹುಡುಗ ಹೊರಗೆ ನಿಲ್ಲಬೇಕಾದೀತು. ಈ ಸಹಿಗಳನ್ನು ಚುನಾವಣಾ ಏಜೆಂಟರೇ ಹಾಕಬಹುದು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಪ್ರಚಾರ ನಿಂತರೆ ಗಾಡಿಗಳನ್ನು ಮರೆಯಬೇಡಿ. ಅನುಮತಿ ಪಡೆದ ವಾಹನ ಎರಡು ದಿನಕ್ಕಿಂತ ಹೆಚ್ಚು ಓಡುವುದಿಲ್ಲವೆಂದಾದರೆ ಚುನಾವಣಾಧಿಕಾರಿಗೆ ಬರೆದುಕೊಟ್ಟು ಅನುಮತಿ ಹಿಂದಿರುಗಿಸಬೇಕು. ಇಲ್ಲದಿದ್ದರೆ ಶೆಡ್ಡಿನಲ್ಲಿ ನಿಂತ ಗಾಡಿಯ ಬಾಡಿಗೆಯೂ ಅಭ್ಯರ್ಥಿಯ 40 ಲಕ್ಷ ರೂಪಾಯಿ ವೆಚ್ಚದ ಮಿತಿಯೊಳಗೆ ಖರ್ಚೆಂದು ಸೇರುತ್ತದೆ. ಪ್ರಚಾರದ ಅವಧಿಯಲ್ಲಿ ವೆಚ್ಚದ ಪುಸ್ತಕವನ್ನು ಮೂರು ಸಲ ತೋರಿಸಲೇಬೇಕು, ತಪ್ಪಿದರೆ ನೋಟಿಸ್. ಫಲಿತಾಂಶದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡದಿದ್ದರೆ ಮೂರು ವರ್ಷದ ಅನರ್ಹತೆಗೂ ದಾರಿಯಾಗುತ್ತದೆ. ಸೋತವರಿಗೂ ಇದು ತಪ್ಪಿದ್ದಲ್ಲ.

ತಿಥಿಯ ಚಪ್ಪರಕ್ಕೆ ಪಕ್ಷದ ಬಾವುಟ, ಶಾಲು, ಕರಪತ್ರ ಒಂದನ್ನೂ ಒಯ್ಯಬೇಡಿ. ಊಟದ ಬಿಲ್ಲು ಮನೆಯವರ ಹೆಸರಲ್ಲೇ ಬೇರೆ ಇರಲಿ. ಪ್ರಚಾರದ ಖರ್ಚನ್ನು ಚಿತ್ರೀಕರಿಸುವ ಚುನಾವಣಾ ವಿಡಿಯೊ ತಂಡ ಬಂದಾಗ ಅಲ್ಲಿ ಬಾವುಟ ಕಂಡರೆ, ಎಡೆ ಇಟ್ಟ ಎಲೆಯೂ ಪ್ರಚಾರದ ಲೆಕ್ಕಕ್ಕೆ ಸೇರೀತು. ಸತ್ತವರಿಗೆ ಅದಕ್ಕಿಂತ ಅವಮಾನವಿಲ್ಲ.

ನಿಜಕ್ಕೂ ಆಗುವುದಿಲ್ಲವೆಂದು ಅಭ್ಯರ್ಥಿ ಹೇಳಿದರೆ ಒತ್ತಾಯಿಸದೆ, ನಾಮಪತ್ರ ವಾಪಸಾತಿಯ ಕೊನೆ ದಿನ ಮಧ್ಯಾಹ್ನ ಮೂರರೊಳಗೆ ತೀರ್ಮಾನಿಸಲು ಬಿಡಿ. ಲಿಖಿತ ಅಧಿಕಾರ ಕೊಟ್ಟರೆ ಸೂಚಕರೋ (ನಾಮಪತ್ರದಲ್ಲಿ ಹೆಸರು ಸೂಚಿಸಿದವರು) ಚುನಾವಣಾ ಏಜೆಂಟರೋ ಆ ಅರ್ಜಿಯನ್ನು ಒಯ್ದು ಕೊಡಬಹುದು. ಮೂರು ದಾಟಿದ ಮೇಲೆ ‘ಕಣದಿಂದ ಹಿಂದೆ ಸರಿದೆ’ ಎಂಬ ಹೇಳಿಕೆಗೆ ಬೆಲೆಯಿಲ್ಲ, ಮತಯಂತ್ರದಲ್ಲಿ ಹೆಸರು ಇದ್ದೇ ಇರುತ್ತದೆ. ಆಗ ಹೋಬಳಿಗೊಬ್ಬರಂತೆ ಹಂಚಿಕೊಂಡು ನಾವೇ ಊರೂರು ತಿರುಗಬೇಕು. ಅಭ್ಯರ್ಥಿ ಯಾಕೆ ಬರಲಿಲ್ಲವೆಂದು ಜನ ಕೇಳಿದರೆ ಒಂದೇ ಮಾತಿನಲ್ಲಿ ಕಾರಣ ಹೇಳಿ, ಊರಿನ ನಾಲೆ ನೀರಿನ ವಿಷಯಕ್ಕೆ ಬರಬೇಕು.

– ಚುನಾವಣಾ ಕಾರ್ಯಕರ್ತರು, ಮಂಡ್ಯ