ಜೂನ್ 1ರಿಂದ ಹೊಸ ವ್ಯವಸ್ಥೆ: ನಮ್ಮ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ಜೂನ್ 1ರಿಂದ ನಮ್ಮ ಬದಿಯಡ್ಕ ಕೇಂದ್ರದಲ್ಲಿ ಆಟಿಸಂ ಇರುವ ಮಕ್ಕಳಿಗೆ ವಾರಕ್ಕೆ ಐದು ದಿನವಿದ್ದ ಥೆರಪಿ ಮೂರು ದಿನಕ್ಕೆ ಇಳಿಯುತ್ತದೆ. ಒಂದು ಸೆಷನ್ 45 ನಿಮಿಷದ ಬದಲು 60 ನಿಮಿಷ ನಡೆಯುತ್ತದೆ. ಸೆಷನ್ನಿನ ಶುಲ್ಕ 450 ರೂಪಾಯಿಯಿಂದ 650 ರೂಪಾಯಿಗೆ ಏರುತ್ತದೆ. ತಾಯಿಯೋ ತಂದೆಯೋ ಅಜ್ಜಿಯೋ, ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರೋ ಅವರು, ಸೆಷನ್ ಮುಗಿಯುವವರೆಗೂ ಕೋಣೆಯೊಳಗೇ ಇರಬೇಕು. ವರಾಂಡದ ಬೆಂಚು ಇನ್ನು ಕೊಡೆ, ಚೀಲ ಇಡುವುದಕ್ಕೆ ಮಾತ್ರ.

ನಾವು ಹೇಳುವ ಮೊದಲೇ ಈ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿತು. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಅಲ್ಲಿ ಬಂದ ಕೆಲವು ಮಾತುಗಳನ್ನು ಓದಿದ ಮೇಲೆ ಬರೀ ದರಪಟ್ಟಿ ಅಂಟಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದಾಗ ಯಾರು ಯಾರ ಜೊತೆ ನಿಂತಿದ್ದರು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಆ ಸಲುಗೆಯಿಂದಲೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಐದು ದಿನ ಬರುತ್ತಿದ್ದವರಿಗೆ ವಾರದ ಖರ್ಚು 2,250 ರೂಪಾಯಿಯಿಂದ 1,950ಕ್ಕೆ ಇಳಿಯುತ್ತದೆ. ಎರಡೇ ದಿನ ಬರುತ್ತಿದ್ದವರಿಗೆ 900 ಇದ್ದದ್ದು 1,300 ಆಗುತ್ತದೆ. ಈ ಎರಡನೆಯ ಲೆಕ್ಕವನ್ನು ಸಣ್ಣ ಅಕ್ಷರದಲ್ಲಿ ಕೊನೆಗೆ ಹಾಕಬಹುದಿತ್ತು, ಹಾಕಿಲ್ಲ. ಹೊರೆ ಬೀಳುವುದು ಅವರ ಮೇಲೆಯೇ. ಪೆರ್ಲ, ಮುಳ್ಳೇರಿಯ ಕಡೆಯಿಂದ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಸ್ಸಿನಲ್ಲಿ ನಿಂತೇ ಬರುವವರೂ ಹೆಚ್ಚಾಗಿ ಅವರೇ. ಅವರೊಂದಿಗೆ ಬೇರೆಯಾಗಿ ಕೂತು ಮಾತನಾಡುತ್ತೇವೆ, ಕಂತು ಬೇಕಾದರೆ ಕಂತು. ದುಡ್ಡಿನ ಕಾರಣಕ್ಕೆ ಯಾವ ಮಗುವಿನ ಹೆಸರನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ.

ಈಗ ಎಸಿಯ ವಿಚಾರ. "ಎಸಿ ಹಾಕಿಸಿಕೊಂಡರು, ಫೀಸು ಏರಿಸಿದರು" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಎಸಿ ಇರುವುದು ಒಂದೇ ಕೋಣೆಗೆ. ನಮ್ಮ ಕಚೇರಿಯ ಮೇಜಿನ ಮೇಲೆ ಇವತ್ತಿಗೂ ಹಳೆಯ ಫ್ಯಾನೇ ತಿರುಗುತ್ತಿದೆ, ಬಂದು ನೋಡಬಹುದು. ಥೆರಪಿ ಕೋಣೆಯಲ್ಲೂ ಮೊದಲು ಫ್ಯಾನ್ ಇತ್ತು. ಕೆಲವು ಮಕ್ಕಳು ಒಳಗೆ ಬಂದವರೇ ಅಂಗಾತ ಮಲಗಿ ತಿರುಗುವ ರೆಕ್ಕೆಗಳನ್ನೇ ನೋಡುತ್ತಿದ್ದರು. ಹೆಸರು ಹಿಡಿದು ಕರೆದರೂ, ಇಷ್ಟದ ಆಟಿಕೆ ಹಿಡಿದರೂ ಕಣ್ಣು ಕೆಳಗಿಳಿಯುತ್ತಿರಲಿಲ್ಲ. ಫ್ಯಾನ್ ಆರಿಸಿದರೆ ಏಪ್ರಿಲಿನ ಸೆಖೆ. ಕಿಟಕಿ ತೆರೆದರೆ ಚೆರ್ಕಳ–ಕಲ್ಲಡ್ಕ ರಸ್ತೆಯ ಬಸ್ಸುಗಳ ಹಾರ್ನ್, ಹಾರ್ನ್ ಕೇಳಿದೊಡನೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಮಗು. ಎಸಿ ಬಂದದ್ದು ಹೀಗೆ. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲನ್ನು ಕೇಳಿದವರಿಗೆಲ್ಲ ತೋರಿಸುತ್ತೇವೆ. ಶುಲ್ಕದಲ್ಲಿ ಅದರ ಪಾಲು ಎಷ್ಟೆಂದು ನೀವೇ ಲೆಕ್ಕ ಹಾಕಿ.

ದುಡ್ಡು ಹೋಗುವುದು ಸಂಬಳಕ್ಕೆ. ಕನ್ನಡ ಬರಬೇಕು, ಮಲಯಾಳ ಬರಬೇಕು, ಅಜ್ಜಿಯ ಜೊತೆ ತುಳುವಿನಲ್ಲಿ ನಾಲ್ಕು ಮಾತನಾಡಲು ಗೊತ್ತಿರಬೇಕು, ಇದರ ಮೇಲೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿಯೂ ಇರಬೇಕು. ಇಂಥವರು ಈ ಗಡಿನಾಡಿನಲ್ಲಿ ಸಿಗುವುದೇ ಅಪರೂಪ. ಸಿಕ್ಕವರು ಇಲ್ಲಿ ಪಳಗುತ್ತಾರೆ. ಅಷ್ಟರಲ್ಲಿ ಮಂಗಳೂರಿನ ಯಾವುದೋ ದೊಡ್ಡ ಕೇಂದ್ರವೋ ಕೊಲ್ಲಿಯ ಯಾವುದೋ ಆಸ್ಪತ್ರೆಯೋ ಕರೆಯುತ್ತದೆ, ಹೋಗುತ್ತಾರೆ. ಮೂರು ಪಟ್ಟು ಸಂಬಳ ಬಿಟ್ಟು ಇಲ್ಲೇ ಇರು ಎನ್ನಲು ನಮಗೇನು ಹಕ್ಕು? ಆದರೆ ಒಬ್ಬರು ಹೋದಾಗಲೆಲ್ಲ ನಿಮ್ಮ ಮಗು ಹೊಸ ಮುಖಕ್ಕೆ ಹೊಂದಿಕೊಳ್ಳಬೇಕು, "ಟೀಚರನ್ನು ಯಾಕೆ ಬದಲಾಯಿಸಿದಿರಿ" ಎಂಬ ಬೈಗುಳವನ್ನು ನಾವು ತಿನ್ನಬೇಕು. ಈ ಏರಿಕೆಯ ದೊಡ್ಡ ಪಾಲು ಈಗಿರುವವರನ್ನು ಉಳಿಸಿಕೊಳ್ಳುವುದಕ್ಕೆ.

ನಿಮ್ಮ ಕಣ್ಣಿಗೆ ಬೀಳದ ಖರ್ಚು ಇನ್ನೊಂದಿದೆ, ಮೇಲ್ವಿಚಾರಣೆ. ನಮ್ಮದು ವರ್ತನಾ ಥೆರಪಿ, ಅಂದರೆ ಮಗುವಿನ ನಡವಳಿಕೆಯನ್ನು ಗಮನಿಸಿ ಹಂತಹಂತವಾಗಿ ಕಲಿಸುವ ಕೆಲಸ. ಅದನ್ನು ಮಾಡುವವರನ್ನು ಅದರಲ್ಲೇ ಹೆಚ್ಚಿನ ತರಬೇತಿ ಪಡೆದ ಒಬ್ಬರು ನೋಡುತ್ತಿರಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಅದು ಅಭ್ಯಾಸಬಲದ ಕೆಲಸವಾಗಿಬಿಡುತ್ತದೆ. ಈ ಕ್ಷೇತ್ರದಲ್ಲಿ ಹೆಚ್ಚು ಮನ್ನಣೆಯಿರುವ, ವರ್ತನಾ ವಿಶ್ಲೇಷಕರಿಗೆ ಕೊಡುವ ಬಿಸಿಬಿಎ ಪ್ರಮಾಣಪತ್ರಕ್ಕೆ ಅಮೆರಿಕದ ಮಂಡಳಿ 2023ರಿಂದ ಭಾರತದವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಅದಕ್ಕೂ ಮೊದಲು ಪಡೆದವರು ಇದ್ದಷ್ಟೇ ಮಂದಿ, ಅವರನ್ನು ಕೇಳುವವರು ನೂರು ಮಂದಿ. ನಮ್ಮ ಮೇಲ್ವಿಚಾರಕಿ ಬೆಂಗಳೂರಿನಲ್ಲಿದ್ದುಕೊಂಡು ನಮ್ಮ ಸೆಷನ್‌ಗಳ ವಿಡಿಯೊ ನೋಡುತ್ತಾರೆ, ಪ್ರತಿ ಮಗುವಿನ ದಾಖಲೆ ಹಾಳೆ ಓದುತ್ತಾರೆ, ನಮ್ಮನ್ನು ಮುಲಾಜಿಲ್ಲದೆ ತಿದ್ದುತ್ತಾರೆ. ಅವರನ್ನು ಬಿಟ್ಟಿದ್ದರೆ ಶುಲ್ಕ ಇಷ್ಟು ಏರುತ್ತಿರಲಿಲ್ಲ. ಬಿಡುವುದಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು. "ಅಲ್ಲಿ ಬರೀ ಆಟ ಆಡಿಸುತ್ತಾರೆ. ಆಟಕ್ಕೆ ಇಷ್ಟು ದುಡ್ಡೇ?" ನೆಂಟರು ಕೇಳುತ್ತಾರೆ, ಆಟೊದವರು ಕೇಳುತ್ತಾರೆ, ಕೆಲವು ಅಪ್ಪಂದಿರು ನಮ್ಮ ಮುಖಕ್ಕೇ ಕೇಳಿದ್ದಾರೆ. ವರಾಂಡದಲ್ಲಿ ಕೂತವರಿಗೆ ಕೇಳಿಸುವುದು ನಗು, ಕೇಕೆ, ಡಬ್ಬಿ ಉರುಳಿದ ಸದ್ದು. ಅಷ್ಟನ್ನೇ ಕೇಳಿಸಿಕೊಂಡವರಿಗೆ ಹಾಗೆ ಅನ್ನಿಸುವುದು ಸಹಜ. ಒಳಗೆ ನಡೆಯುವುದನ್ನು ಹೇಳುತ್ತೇವೆ.

ಎರಡೂವರೆ ವರ್ಷದ ಒಂದು ಮಗು. ಮಾತು ಬಂದಿಲ್ಲ. ಬಿಸ್ಕತ್ತು ಬೇಕಾದರೆ ಅಮ್ಮನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಅವರ ಕೈಯನ್ನು ಡಬ್ಬಿಯ ಮೇಲೆ ಇಡುತ್ತದೆ, ಮುಖ ನೋಡುವುದಿಲ್ಲ. ಥೆರಪಿಸ್ಟ್ ನೆಲದ ಮೇಲೆ, ಅದರ ಕಣ್ಣಿನ ಎತ್ತರಕ್ಕೆ ಕೂರುತ್ತಾರೆ. ಸೋಪಿನ ಗುಳ್ಳೆ ಊದುತ್ತಾರೆ, ಒಂದು ಸಲ, ಎರಡು ಸಲ. ಮೂರನೆಯ ಸಲ ಕಡ್ಡಿಯನ್ನು ತುಟಿಯ ಹತ್ತಿರ ತಂದು ನಿಲ್ಲಿಸುತ್ತಾರೆ. ಮಾತಿಲ್ಲ, ಕಾಯುವುದು ಅಷ್ಟೇ. ಮಗು ಕಡ್ಡಿಯನ್ನು ನೋಡುತ್ತದೆ. ಬಾಟಲಿಯ ಮುಚ್ಚಳವನ್ನು ಕೆರೆಯುತ್ತದೆ. ಗುಳ್ಳೆ ಬರುವುದಿಲ್ಲ. ಏನಾಯಿತೆಂದು ಒಂದು ಕ್ಷಣ ಅವರ ಮುಖದತ್ತ ಕಣ್ಣೆತ್ತುತ್ತದೆ. ಆ ಕ್ಷಣದಲ್ಲೇ ಊದಬೇಕು. ತಡವಾದರೆ ಮಗು ಅಷ್ಟರಲ್ಲಿ ಬೇರೆತ್ತಲೋ ತಿರುಗಿರುತ್ತದೆ, ಯಾವುದಕ್ಕೆ ಗುಳ್ಳೆ ಬಂತೆಂದು ಅದಕ್ಕೆ ತಿಳಿಯುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕೆಂದಿಲ್ಲ. ಬೆರಳು ತೋರಿಸಿದರೂ ಆದೀತು, "ಊ" ಎಂದರೂ ಆದೀತು, ಗುಳ್ಳೆಯ ಚಿತ್ರವಿರುವ ಚೀಟಿ ಎತ್ತಿಕೊಟ್ಟರೂ ಆದೀತು. ಗಲ್ಲ ಹಿಡಿದು ಮುಖ ತಿರುಗಿಸಿ "ನನ್ನನ್ನು ನೋಡು" ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ತನಗೆ ಬೇಕಾದದ್ದನ್ನು ಇನ್ನೊಬ್ಬರಲ್ಲಿ ಕೇಳಿ ಪಡೆಯಬಹುದು ಎಂಬುದು ಮಗುವಿಗೆ ಹೊಳೆಯಬೇಕು. ಮಾತು ಬರುವುದಾದರೆ ಆ ದಾರಿಯಲ್ಲೇ ಬರಬೇಕು.

ಇದನ್ನೆಲ್ಲ ಮಾಡುತ್ತಲೇ ಥೆರಪಿಸ್ಟ್ ತಮ್ಮ ಮಂಡಿಯ ಪಕ್ಕದಲ್ಲಿರುವ ಹಾಳೆಯಲ್ಲಿ ಗುರುತು ಹಾಕುತ್ತಿರುತ್ತಾರೆ: ತಾನಾಗಿ ಕೇಳಿತೇ, ಸನ್ನೆ ಮಾಡಿದ ಮೇಲೆ ಕೇಳಿತೇ, ಕೈ ಹಿಡಿದು ಮಾಡಿಸಬೇಕಾಯಿತೇ. ಇವತ್ತು ಕೈ ಹಿಡಿದದ್ದು ಮುಂದಿನ ವಾರ ಮೊಣಕೈಯನ್ನು ಸ್ವಲ್ಪ ಮುಟ್ಟುವುದಕ್ಕೆ ಇಳಿಯಬೇಕು, ಆಮೇಲೆ ಅದೂ ಬೇಡವಾಗಬೇಕು. ಹಾಳೆಯ ಗೆರೆ ಮೇಲೇರದಿದ್ದರೆ ತಪ್ಪು ಮಗುವಿನದಲ್ಲ, ಯೋಜನೆಯದು, ಬದಲಾಯಿಸುತ್ತೇವೆ. ಊಟದ ತಟ್ಟೆ ಎಸೆಯುವ ಮಗುವಿನ ವಿಷಯದಲ್ಲೂ ಅಷ್ಟೇ. ಮನೆಯಲ್ಲಿ ಅದನ್ನು ಹಠ ಎನ್ನುತ್ತೀರಿ. ನಾವು ಎಸೆಯುವ ಮುಂಚೆ ಏನು ನಡೆಯಿತು, ಎಸೆದ ಮೇಲೆ ಏನು ನಡೆಯಿತು ಎಂದು ಬರೆಯುತ್ತೇವೆ. ಎಸೆದೊಡನೆ ಯಾರೋ ಮೊಬೈಲ್ ಕೈಗಿಟ್ಟಿದ್ದರೆ, ತಟ್ಟೆ ಎಸೆದರೆ ಮೊಬೈಲ್ ಸಿಗುತ್ತದೆ ಎಂದು ಮಗು ಸರಿಯಾಗಿಯೇ ಕಲಿತಿದೆ. ಊಟ ಸಾಕೆಂದು ಎಸೆದಿದ್ದರೆ, ಸಾಕೆಂದು ಹೇಳುವ ಒಂದು ಸನ್ನೆ ಅದಕ್ಕೆ ಬೇಕು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಆಗುವುದಿಲ್ಲ. ಆಟ ಎಂದು ನೀವು ಕೇಳಿಸಿಕೊಂಡದ್ದು ಇದನ್ನು.

ಹಾಗಿದ್ದರೆ ಎರಡು ದಿನ ಕಡಿಮೆ ಏಕೆ? ವಾರಕ್ಕೆ 40 ಗಂಟೆ ಥೆರಪಿ ಬೇಕು ಎಂಬ ಲೆಕ್ಕವನ್ನು ಅಂತರ್ಜಾಲದಲ್ಲಿ ಓದಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಲೆಕ್ಕ ಪ್ರಸಿದ್ಧವಾದದ್ದು ಲಾಸ್ ಏಂಜಲಿಸ್‌ನ ಮನಶ್ಶಾಸ್ತ್ರಜ್ಞ ಇವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅಷ್ಟು ಗಂಟೆಯ ಥೆರಪಿ ಪಡೆದ ಗುಂಪಿನಲ್ಲಿದ್ದವರು 19 ಮಕ್ಕಳು, ಅವರಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೆಯ ತರಗತಿ ಮುಗಿಸಿದರು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಫಲ ಪೂರ್ತಿ ಥೆರಪಿಯದೇ ಎನ್ನಲಾಗದು. ಗಟ್ಟಿಯಾಗಿ ಗದರುವುದು, ಆಗೊಮ್ಮೆ ಈಗೊಮ್ಮೆ ತೊಡೆಗೆ ಪೆಟ್ಟು ಕೊಡುವುದೂ ಆ ಚಿಕಿತ್ಸೆಯ ಭಾಗವಾಗಿತ್ತು. ಬಾಲ್ಯದಲ್ಲಿ ಇಂಥ ಥೆರಪಿಗೆ ಒಳಗಾದ ಆಟಿಸಂನ ದೊಡ್ಡವರು ಇಂದು ಅದರ ವಿರುದ್ಧ ಕಟುವಾಗಿ ಬರೆಯುತ್ತಾರೆ, ನಾವು ಅದನ್ನು ಓದುತ್ತೇವೆ. 2024ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 144 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಅದರಲ್ಲಿ ಸಿಗಲಿಲ್ಲ. ಎರಡು ಮೂರು ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆಯೂ ಬೇಕಲ್ಲವೇ.

ಅದಲ್ಲದೆ, ಕೇಂದ್ರದಲ್ಲಿ ಕಲಿತದ್ದು ಕೇಂದ್ರದಲ್ಲೇ ಉಳಿಯುವುದನ್ನು ನೀವೂ ಕಂಡಿದ್ದೀರಿ. ಇಲ್ಲಿ ನೀರಿನ ಚಿತ್ರ ಕೊಟ್ಟು ನೀರು ಕೇಳುವ ಮಗು ಮನೆಯಲ್ಲಿ ಮತ್ತೆ ಕೈ ಹಿಡಿದು ಎಳೆಯುತ್ತದೆ, ಏಕೆಂದರೆ ಮನೆಯಲ್ಲಿ ಎಳೆದರೆ ಸಾಕು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳ ಜೊತೆ ಒಂದು ಪ್ರಯೋಗ ನಡೆದು 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ತಂದೆತಾಯಿಗೆ ಕಲಿಸಿದರು; ತಂದೆತಾಯಿ ಮಗುವಿನ ಜೊತೆ ಬೆರೆಯುವ ರೀತಿ ಬದಲಾಯಿತು, ಮಕ್ಕಳು ತಾವಾಗಿ ಸಂವಹನ ಶುರುಮಾಡುವುದು ಹೆಚ್ಚಿತು. ಎಲ್ಲವೂ ಸರಿಯಾಯಿತೆಂದೇನಲ್ಲ. ಆದರೆ ಗೋವಾದ ಅಮ್ಮಂದಿರಿಂದ ಆದದ್ದು ನೀರ್ಚಾಲಿನ ಅಮ್ಮಂದಿರಿಂದ ಆಗದೇ?

"ದುಡ್ಡೂ ನಮ್ಮದು, ಕೆಲಸವೂ ನಮ್ಮದು" ಎಂದು ಒಬ್ಬರು ಬರೆದಿದ್ದರು. ಮಾತು ಚುರುಕಾಗಿದೆ, ಒಪ್ಪುತ್ತೇವೆ. ಸೆಷನ್ನಿನ ಕೊನೆಯ 20 ನಿಮಿಷ ಗುಳ್ಳೆಯ ಬಾಟಲಿ ನಿಮ್ಮ ಕೈಯಲ್ಲಿರುತ್ತದೆ, ಪಕ್ಕದಲ್ಲಿ ಥೆರಪಿಸ್ಟ್ ಇರುತ್ತಾರೆ. ಕಾಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯುತ್ತದೆ. ನಮ್ಮ ಹೊಸ ಥೆರಪಿಸ್ಟರಿಗೂ ಮೊದಲ ತಿಂಗಳು ಅದೇ ಕಷ್ಟ. ಮನೆಗೆ ಹೊಸದಾಗಿ ಕೆಲಸ ಹೊರಿಸುವುದಿಲ್ಲ. ಸ್ನಾನ, ದೋಸೆ, ಚಪ್ಪಲಿ ಹಾಕುವುದು, ಹೇಗೂ ನಡೆಯುವ ಇವುಗಳಲ್ಲೇ ಮಾಡುವಂಥದ್ದನ್ನು ಹೇಳಿಕೊಡುತ್ತೇವೆ.

ಭಾಷೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ, ಇದರಿಂದಲೇ ಮಗುವಿಗೆ ಮಾತು ತಡವಾಯಿತು, ಒಂದೇ ಭಾಷೆ ಇಟ್ಟುಕೊಳ್ಳಿ ಎಂದು ನಿಮಗೆ ಯಾರೋ ಹೇಳಿರುತ್ತಾರೆ. ಎರಡು ಭಾಷೆ ಕೇಳಿ ಬೆಳೆದ ಆಟಿಸಂನ ಮಕ್ಕಳಿಗೆ ಅದರಿಂದ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲ ಎಂದು ಹಲವು ಅಧ್ಯಯನಗಳು ಹೇಳಿವೆ. ಅಜ್ಜಿಯನ್ನು ಸುಮ್ಮನಾಗಿಸಬೇಡಿ.

ಬದಲಾಗದ್ದೂ ಇದೆ. ಆರು ತಿಂಗಳಲ್ಲಿ ಮಾತು ಬರಿಸುತ್ತೇವೆ ಎಂದು ನಾವು ಹಿಂದೆಯೂ ಹೇಳಲಿಲ್ಲ, ಮುಂದೆಯೂ ಹೇಳುವುದಿಲ್ಲ. ಆಟಿಸಂಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಎಂಬ ಜಾಹೀರಾತು ತೋರಿಸಿ ಕೇಳುವವರಿಗೆ ನಮ್ಮ ಉತ್ತರ ಒಂದೇ: ಚಿನ್ನ ಅಡವಿಡಬೇಡಿ. ಮಗುವನ್ನು ಹೊಡೆದು, ಹೆದರಿಸಿ ಕಲಿಸುವುದು ಈ ಕೋಣೆಯಲ್ಲಿ ನಡೆಯದು; ಇನ್ನು ನೀವೇ ಒಳಗಿರುತ್ತೀರಿ, ಕಣ್ಣಾರೆ ನೋಡಬಹುದು.

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಆಟಿಸಂ ಇರುವವರಿಗೂ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದು ಪಾಲಿದೆ. ನಮ್ಮ ರಸೀದಿಗಳಲ್ಲಿ ಥೆರಪಿಸ್ಟರ ನೋಂದಣಿ ಸಂಖ್ಯೆ ಇರುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ. ಅರ್ಜಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಮಗುವಿಗೆ ಹಣೆಪಟ್ಟಿ ಬೀಳುತ್ತದೆ ಎಂದು ಹಲವರು ಅದನ್ನು ಮುಂದೂಡುತ್ತಿದ್ದೀರಿ; 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿರುವುದೇ ನಿಮ್ಮ ಉಪಯೋಗಕ್ಕೆ. ಅರ್ಜಿ ತುಂಬಲು ಶನಿವಾರ ಮಧ್ಯಾಹ್ನ ನಮ್ಮಲ್ಲಿಗೆ ಬನ್ನಿ, ಶುಲ್ಕವಿಲ್ಲ.

ಕೆಲಸಕ್ಕೆ ಹೋಗುವವರಿಗೆ ಶನಿವಾರ ಬೆಳಗಿನ ಸಮಯ ಕಾದಿರಿಸಿದ್ದೇವೆ. ಕೊಲ್ಲಿಯಲ್ಲಿರುವ ಅಪ್ಪಂದಿರು ಕೊನೆಯ 20 ನಿಮಿಷ ವಿಡಿಯೊ ಕರೆಯಲ್ಲಿ ಸೇರಬಹುದು, ಆದರೆ ಮಗುವನ್ನು ಪರದೆಯಿಂದ ಕರೆಯಬೇಡಿ, ನೋಡುತ್ತಿರಿ. ಜೊತೆಗೆ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಕರೆತನ್ನಿ, ನೋಡಿಕೊಳ್ಳಲು ಒಬ್ಬರಿರುತ್ತಾರೆ. ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ಕೇಂದ್ರವೂ ಮುಚ್ಚಿರುತ್ತದೆ. ಅಂದಿನ ಸೆಷನ್ ಅದೇ ವಾರ ಬೇರೆ ದಿನ ಸಿಗುತ್ತದೆ, ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ. ಪೆರ್ಲದ ಕಡೆಯವರು ಕತ್ತಲಾಗುವ ಮೊದಲು ಮನೆ ಸೇರಲೆಂದು ಕೊನೆಯ ಸೆಷನ್ನನ್ನು ಮಧ್ಯಾಹ್ನ 3.30ಕ್ಕೆ ತಂದಿದ್ದೇವೆ. ನಿಮಗೆ ಹೊಂದುವ ದಿನಗಳು ಯಾವುವು, ಒಳಗೆ ಕೂರುವವರು ಯಾರು ಎಂದು ಮೇ 20ರೊಳಗೆ ಕಚೇರಿಯ ಪುಸ್ತಕದಲ್ಲಿ ಬರೆಸಿ. ಬರೆಸಿದವರ ಸಮಯವನ್ನು ಮೊದಲು ಹೊಂದಿಸುತ್ತೇವೆ.

ನಿಮ್ಮ,
ಕೇಂದ್ರದ ಎಲ್ಲರ ಪರವಾಗಿ
ಬದಿಯಡ್ಕ